ಸುಳಿ ನೋಡಿ ಕೊಂಡ ಪಿಚಕಾರಿಗಳು

ದಲಾಲ ಜ್ಞಾನೇಶ್ವರ ರೋಟರಿ ಕ್ಲಬ್ಬಿಗೆ ಸೇರಿದ್ದಾನೆ ಎಂದು ನಾನು ಒಂದು ಬೇಸಿಗೆಯುದ್ದಕ್ಕೂ ನಂಬಿಕೊಂಡಿದ್ದೆ. ಸುದ್ದಿ ಕೊಟ್ಟವನು ಹುಮನಾಬಾದಿನಲ್ಲಿ ನನ್ನ ತಲೆಗೂದಲು ಕತ್ತರಿಸುವ ಖಾಜಾ. "ಜ್ಞಾನೂಭಾಯಿ ರೋಟರಿ ಹಿಡದಾರ್ರಿ. ಹೊತ್ತಿಲ್ಲ ಗೊತ್ತಿಲ್ಲ, ಅದರಾಗೇ ಮುಳಗ್ಯಾರ. ಊಟಕ್ಕೂ ಮನಿ ಕಡೆ ಹಾಯಲ್ರು," ಎಂದ. ಕತ್ತರಿ ಕಿವಿಯ ಪಕ್ಕದಲ್ಲಿರುವಾಗ ನಾನು ಯಾರ ಮಾತನ್ನೂ ಸಂಶಯಿಸುವುದಿಲ್ಲ.

ಆಶ್ಚರ್ಯವೂ ಆಗಲಿಲ್ಲ. ನಮ್ಮ ಕಡೆ ಒಮ್ಮೆ ಮೈಕು ಹಿಡಿದವನು ಯಾವುದಾದರೊಂದು ಸಂಘದ ಪದಾಧಿಕಾರಿಯಾಗದೆ ಸಾಯುವುದಿಲ್ಲ. ಎತ್ತಿನ ದಲಾಲನೊಬ್ಬ ಕೋಟು ಹಾಕಿಕೊಂಡು ಕಣ್ಣಿನ ಶಿಬಿರ ನಡೆಸಿದರೆ ಯಾರಿಗೇನು ನಷ್ಟ? ಒಂದು ಶಾಲು, ಒಂದು ಚೆಂಡುಹೂವಿನ ಮಾಲೆ ತೆಗೆದುಕೊಂಡು, ಊರಾಚೆ ಬಸವಕಲ್ಯಾಣದ ರಸ್ತೆಯಲ್ಲಿರುವ ಅವನ ಶೆಡ್ಡಿಗೆ ಹೋದೆ.

ಜ್ಞಾನೇಶ್ವರ ಹೊರಸಿನ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತಿದ್ದ. ಹೊರಸಿನ ಮೇಲೆ ಯಾರೋ ಕೌದಿ ಹೊದ್ದು ಮಲಗಿದ್ದರು. ಕಾಯಿಲೆಯವರಿರಬೇಕೆಂದು ನಾನು ದನಿ ತಗ್ಗಿಸಿ, "ರೋಟರಿಯ ಸುದ್ದಿ ಕೇಳಿದೆ, ಅಭಿನಂದನೆಗಳು," ಎಂದೆ.

ಅವನ ಮುಖ ಹೂವಾಯಿತು. "ಬರ್ರಿ ಸಾಹೇಬ್ರ! ಊರಾಗ ಇಷ್ಟ ತಿಳಕೊಂಡವರು ನೀವೊಬ್ಬರೇ ನೋಡ್ರಿ."

"ಒಟ್ಟು ಎಷ್ಟು ಮಂದಿ ಇದ್ದೀರಿ?"

"ಮಂದಿ ಎಲ್ಲೀದ್ರಿ? ಒಳಗ ಎರಡು ಸಮೋಸ ಅದಾವ, ಅಷ್ಟೇ."

"ಎರಡೇ? ಬಂದವರಿಗೆಲ್ಲ ಸಾಲುತ್ತವೆಯೇ?"

"ಸಾಲತಾವೇನ್ರಿ! ಒಂದ ಮಿನಿಟಿಗೆ ಸಾವಿರಾರು ಸಲ ತಿರಗತಾವ."

ಇಂಥ ಶಿಸ್ತಿನ ಉಪಾಹಾರ ವ್ಯವಸ್ಥೆಯನ್ನು ನಾನು ಯಾವ ಸಂಘದಲ್ಲೂ ಕಂಡಿರಲಿಲ್ಲ. ನಾನು ಇನ್ನೂ ಅದನ್ನು ಜೀರ್ಣಿಸಿಕೊಳ್ಳುತ್ತಿರುವಾಗಲೇ ಅವನು ಕೌದಿ ಸರಿಸಿದ. ಒಳಗೆ ಮಲಗಿದ್ದುದು ಒಂದು ಇಂಜಿನ್. ನನ್ನ ಕೈಯಿಂದ ಶಾಲು ತೆಗೆದುಕೊಂಡು ಭಕ್ತಿಯಿಂದ ಅದಕ್ಕೆ ಹೊದಿಸಿದ. ಮಾಲೆಯನ್ನು ಅದರ ಪೈಪಿಗೆ ಹಾಕಿದ. "ಪಿಸ್ಟನ್ ಇಲ್ಲದ ಇಂಜಿನ್ ರಿ. ಒಳಗ ಮೂರ ಮೂಲಿ ಸಮೋಸದಂಥಾವು ಗರಗರ ತಿರಗತಾವ. ಅದಕ್ಕ ರೋಟರಿ ಅಂತಾರ," ಎಂದ.

"ಇದನ್ನೇನು ಮಾಡುತ್ತೀರಿ?"

ಅವನು ಶೆಡ್ಡಿನ ಹಿಂಭಾಗಕ್ಕೆ ಬೆರಳು ತೋರಿಸಿದ. ಅಲ್ಲಿ ತೊಗರಿ ಚೀಲಗಳ ಆಚೆ, ಪೈಪು ಮತ್ತು ಬಟ್ಟೆಯ, ಎರಡು ಸೀಟಿನ ಒಂದು ವಿಮಾನ ಮೂಗಿಲ್ಲದೆ ನಿಂತಿತ್ತು.

ಇನ್ನು ಈ ಮನುಷ್ಯನ ಪರಿಚಯ ಹೇಳಬೇಕು. ಜ್ಞಾನೇಶ್ವರ ಮುಡಬಿಯವನು. ಅಪ್ಪನೂ ಎತ್ತಿನ ದಲಾಲ, ಅಜ್ಜನೂ ದಲಾಲ. ಹಲ್ಲು ನೋಡಿ ವಯಸ್ಸು, ಗೊರಸು ನೋಡಿ ಬಾಳಿಕೆ, ಮೈಮೇಲಿನ ರೋಮದ ಸುಳಿ ನೋಡಿ ಗುಣ ಹೇಳುವ ವಂಶ. ಯಾವ ಸುಳಿ ಮನೆ ಬೆಳಗುತ್ತದೆ, ಯಾವ ಸುಳಿ ಯಜಮಾನನನ್ನು ಬಾವಿಗೆ ನೂಕುತ್ತದೆ ಎಂದು ಅವನಿಗೆ ಹಾಲುಹಲ್ಲಿನ ವಯಸ್ಸಿನಲ್ಲೇ ಗೊತ್ತಿತ್ತು. ದೇವಣಿ ತಳಿಯ ಎತ್ತುಗಳಲ್ಲಿ ಜೋಡಿ ಹೊಂದಿಸುವುದರಲ್ಲಿ ಅವನ ಕೈ ಹಿಡಿಯುವವರಿರಲಿಲ್ಲ. ನಿರ್ಣಾದಲ್ಲಿ ಒಂದು, ಹುಲಸೂರಿನಲ್ಲಿ ಒಂದು ಒಂಟಿ ಎತ್ತು ನೋಡಿ ಬಂದು, ಇವೆರಡೂ ಒಂದೇ ಹೆಜ್ಜೆ ಹಾಕುತ್ತವೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದ. ನೊಗ ಹೂಡಿದರೆ ಹಾಗೆಯೇ ಹಾಕುತ್ತಿದ್ದವು.

ಟ್ರ್ಯಾಕ್ಟರುಗಳು ಬಂದಾಗ ಉಳಿದ ದಲಾಲರು ಟ್ರ್ಯಾಕ್ಟರನ್ನು ಬೈದರು. ಜ್ಞಾನೇಶ್ವರ ಟ್ರ್ಯಾಕ್ಟರಿನ ದಲಾಲನಾದ. ಅಲ್ಲಿಂದ ಬಸವಕಲ್ಯಾಣದ ಹತ್ತಿರ ಹೆದ್ದಾರಿಯ ಸಸ್ತಾಪುರ ಬಂಗ್ಲಾಕ್ಕೆ ಹೋಗಿ ಹಳೆ ಲಾರಿಗಳ ದಲಾಲನಾದ. ಸಸ್ತಾಪುರ ಬಂಗ್ಲಾದಲ್ಲಿ ಲಾರಿಗೆ ಆಗದ ಚಿಕಿತ್ಸೆಯಿಲ್ಲ. ಪುಣೆ ಕಡೆಯಿಂದ ಕುಂಟುತ್ತ ಬಂದದ್ದು ಹೈದರಾಬಾದ್ ಕಡೆ ಕುಣಿಯುತ್ತ ಹೋಗುತ್ತದೆ. ಅಲ್ಲಿಯೇ ಒಂದು ಗುಜರಿ ಲಾಟಿನಲ್ಲಿ, ಯಾವುದೋ ಶೋಕಿಯ ಕಾರಿನಿಂದ ಬಿಚ್ಚಿದ ಈ ರೋಟರಿ ಇಂಜಿನ್ ಅವನ ಕೈಗೆ ಬಿತ್ತು. ಇಡೀ ಬಂಗ್ಲಾಕ್ಕೆ ಅದು ಏನೆಂದು ತಿಳಿಯಲಿಲ್ಲ. ಹೊರಗಿನಿಂದ ದೊಡ್ಡ ಅಕ್ಕಿ ಡಬ್ಬಿಯಂತಿತ್ತು. ಹಗುರ, ಗಿಡ್ಡ, ಸದ್ದು ಮಾತ್ರ ಜೋರು. ಇದು ಗಾಡಿಗೆ ಹುಟ್ಟಿದ್ದಲ್ಲ, ಗಾಳಿಗೆ ಹುಟ್ಟಿದ್ದು ಎಂದು ಜ್ಞಾನೇಶ್ವರನಿಗೆ ಅನ್ನಿಸಿತು.

ಅನ್ನಿಸಲು ಕಾರಣವಿತ್ತು. ಬೀದರಿನ ವಿಮಾನದಳದ ತರಬೇತಿ ವಿಮಾನಗಳು ಚಿಕ್ಕಂದಿನಿಂದಲೂ ಅವನ ತಲೆಯ ಮೇಲೆ ಹಾರಾಡಿದ್ದವು. ಉಳಿದವರು ಅವನ್ನು ನೋಡಿ ಕೈ ಬೀಸಿದರೆ ಇವನು ದನದ ಬಜಾರಿನಲ್ಲಿ ನಿಂತವನಂತೆ ಹುಬ್ಬಿಗೆ ಕೈ ಹಚ್ಚಿ ಪರೀಕ್ಷಿಸುತ್ತಿದ್ದ. "ಎಡಗಡೀದು ಜರಾ ಹಿಂದ ಬೀಳಾಕತ್ತದ. ಜೋಡಿ ಹೊಂದಿಲ್ಲ," ಎಂದು ತೀರ್ಪು ಕೊಡುತ್ತಿದ್ದ. ಪೈಲಟ್‌ಗಳಿಗೆ ಆ ತೀರ್ಪು ತಲುಪಲಿಲ್ಲವಾದ್ದರಿಂದ ಅವರು ನೆಮ್ಮದಿಯಾಗಿಯೇ ಇದ್ದರು.

ನಕಾಶೆ ತರಿಸಿ, ಲಾರಿ ಬಾಡಿ ಕಟ್ಟುವವರ ಕೈಯಿಂದಲೇ ವಿಮಾನದ ಬಾಡಿ ಕಟ್ಟಿಸಿದ. ಅವರು ಅಭ್ಯಾಸಬಲದಿಂದ ಹಿಂಭಾಗಕ್ಕೆ 'ಹಾರ್ನ್ ಮಾಡಿ' ಎಂದು ಬರೆದುಬಿಟ್ಟಿದ್ದರು. ಅಳಿಸಲು ಮನಸ್ಸಾಗದೆ ಹಾಗೇ ಬಿಟ್ಟ.

ಎಲ್ಲ ಆಯಿತು. ಉಳಿದದ್ದು ಇಂಜೆಕ್ಟರ್. ಇಂಜಿನ್ನಿಗೆ ಪೆಟ್ರೋಲನ್ನು ಮಂಜಿನಂತೆ ಸಿಂಪಡಿಸುವ, ಬೆರಳಿನಷ್ಟು ದಪ್ಪದ ಸಾಮಾನು. ಜ್ಞಾನೇಶ್ವರ ಅದನ್ನು ಪಿಚಕಾರಿ ಎನ್ನುತ್ತಿದ್ದ. ಪ್ರತಿ ಸಮೋಸಕ್ಕೆ ಎರಡರಂತೆ ಒಟ್ಟು ನಾಲ್ಕು. ಎರಡು ಸಮೋಸಗಳಿಂದ ಒಂದೊಂದು ಸೇರಿ ಒಂದು ಜೋಡಿ. ಕಾರಿನಲ್ಲಿದ್ದಾಗ ಅದಕ್ಕೆ ನಿಧಾನದ ಓಟಕ್ಕೊಂದು ಸಣ್ಣ ಜೋಡಿ, ಜೋರು ಓಟಕ್ಕೊಂದು ದೊಡ್ಡ ಜೋಡಿ ಇತ್ತಂತೆ. ರಸ್ತೆಯ ಮೇಲೆ ಅದು ಸರಿ. ಆಕಾಶದಲ್ಲಿ ದೊಡ್ಡ ಜೋಡಿ ಕೈಕೊಟ್ಟರೆ ಸಣ್ಣ ಜೋಡಿ ಇಬ್ಬರ ಭಾರ ಹೊರಲಾರದು. ಅದಕ್ಕೇ ನಾಲ್ಕೂ ಒಂದೇ ಅಳತೆಯವು ಬೇಕಿತ್ತು. ಪೆಟ್ರೋಲು ಕಡಿಮೆ ಬಿದ್ದರೆ ಇಂಜಿನ್ ಕಾದು ಸಮೋಸದ ಅಂಚು ಮುರಿಯುತ್ತದೆ; ಮುರಿದರೆ ಇನ್ನೊಂದು ಇಂಜಿನ್ ಸಿಗುವುದಿಲ್ಲ. ಹೆಚ್ಚು ಬಿದ್ದರೆ ನೆಲ ಬಿಡುವ ಮೊದಲೇ ಕೆಮ್ಮಿ ನಿಲ್ಲುತ್ತದೆ. ಸಾಲದ್ದಕ್ಕೆ ಈಗ ಬಂಕಿನ ಪೆಟ್ರೋಲಿನಲ್ಲಿ ಕಬ್ಬಿನಿಂದ ಮಾಡಿದ ಎಥೆನಾಲ್ ಬೆರೆತಿರುತ್ತದೆ. "ಅದನ್ನ ಕುಡದ ಎತ್ತು ತಿನ್ನೂದು ಹೆಚ್ಚು, ಜಗ್ಗೂದು ಕಡಿಮಿ. ಅದಕ್ಕೂ ಹಿಡದು ಲೆಕ್ಕ ಹಾಕಬೇಕ್ರಿ," ಎನ್ನುತ್ತಿದ್ದ ಜ್ಞಾನೇಶ್ವರ.

ಹಾರಲು ಸರ್ಕಾರದ ಅಪ್ಪಣೆ ಬೇಕಿತ್ತು. ಅದಕ್ಕೆ ಅರ್ಜಿ ಹೋಗಿತ್ತು, ಕಾಯಬೇಕಿತ್ತು. ಇಂಜಿನ್ನನ್ನು ಕಟ್ಟಿಹಾಕಿ ನೆಲದ ಮೇಲೆ ಓಡಿಸಲು ಹೆಂಡತಿ ಜಗದೇವಿಯ ಅಪ್ಪಣೆಯೇ ಸಾಕು. ಅದು ಸರ್ಕಾರದ್ದಕ್ಕಿಂತ ಕಷ್ಟದ್ದಾಗಿತ್ತು, ಏಕೆಂದರೆ ಶೆಡ್ಡು ಅವಳದು. ತೊಗರಿಬೇಳೆ ಒಡೆಯುವ ಮಶೀನು ಕೂಡಿಸಲು ಅವಳು ಕಟ್ಟಿಸಿದ್ದು. ಮಶೀನು ಬರುವಷ್ಟರಲ್ಲಿ ವಿಮಾನ ಬಂದಿತ್ತು.

ನಾನು ಚಹಾ ಕುಡಿಯುತ್ತಿದ್ದಾಗಲೇ ಅವಳು ತನ್ನ ಶರ್ತು ಹೇಳಿದಳು. "ನೋಡ್ರಿ, ಹಾರಬ್ಯಾಡ್ರಿ ಅಂತ ನಾ ಅನ್ನಂಗಿಲ್ಲ. ಖರೆ, ಲಾರಿ ನಿಂತ್ರ ಇಳದು ಟೈರಿಗಿ ಒದೀತೀರಿ. ಮ್ಯಾಲ ನಿಂತ್ರ ಯಾವದಕ್ಕ ಒದೀತೀರಿ?"

"ನಿಲ್ಲಂಗಿಲ್ಲ. ಒಂದ ಜೋಡಿ ಹೋದ್ರ ಇನ್ನೊಂದ ಜೋಡಿ ಮನಿ ಮುಟ್ಟಸತದ," ಎಂದ ಜ್ಞಾನೇಶ್ವರ.

"ಹಂಗಾದ್ರ ತೋರಸ್ರಿ. ಇಂಜಿನ್ ಪೂರಾ ಜೋರ್ ಓಡ್ಲಿ. ಬಟನ್ ನನ್ನ ಕೈಯಾಗ ಇರಲಿ. ಒಂದ ಜೋಡಿ ಪಿಚಕಾರಿ ನಾನೇ ಬಂದ್ ಮಾಡತೀನಿ. ಯಾವಾಗ ಅಂತ ಹೇಳಂಗಿಲ್ಲ. ಇಂಜಿನ್ ನಿಂತ್ರ ಈ ಜಾಗಾದಾಗ ಬ್ಯಾಳಿ ಮಶೀನು, ನಿಮ್ಮ ಇಂಜಿನ್ ಗುಜರಿಗಿ. ನಿಲ್ಲಲಿಲ್ಲಂದ್ರ ವಿಮಾನ ಇಲ್ಲೇ ಇರಲಿ. ಅಪ್ಪಣಿ ಬಂದ ದಿನ ಹಿಂದಿನ ಸೀಟಿನಾಗ ನಾ ಕೂಡತೀನಿ."

"ಎಷ್ಟು ಸಲ ಟ್ರೈ ಮಾಡಬಹುದು?" ಎಂದು ನಾನು ಕೇಳಿದೆ.

"ಒಂದ ಸಲ. ಮ್ಯಾಲಿಂದ ಎರಡ ಸಲ ಬೀಳಾಕ ಬರತದೇನು?"

ಹೀಗೆ ಒಂದು ವಿಮಾನದ ಹಣೆಬರಹ ನಾಲ್ಕು ಪಿಚಕಾರಿಗಳ ಮೇಲೆ ಬಂದು ಕೂತಿತು.

ಮೊದಲ ಸಲಹೆ ಸಂಜುಕುಮಾರನದು. ಸಂಜುಕುಮಾರ ಹುಮನಾಬಾದಿನಲ್ಲಿ ವಿಮಾನಶಾಸ್ತ್ರದ ಅಂತಿಮ ಅಧಿಕಾರಿ. ಹಿಂದೊಮ್ಮೆ ಬೀದರಿನ ವಿಮಾನದಳಕ್ಕೆ ಹಾಲು ಹಾಕುತ್ತಿದ್ದ, ಗೇಟಿನ ತನಕ. ಕ್ಯಾನು ಒಳಗೆ ಹೋಗುತ್ತಿತ್ತು, ಇವನು ಹೊರಗೆ ನಿಲ್ಲುತ್ತಿದ್ದ. ಆದರೂ ಮಾತು ಶುರುವಾಗುವುದು "ನಮ್ಮ ಏರ್‌ಫೋರ್ಸಿನಾಗ" ಎಂದೇ. ಜ್ಞಾನೇಶ್ವರನ ಶೆಡ್ಡಿನ ಸುದ್ದಿ ತಿಳಿದೊಡನೆ 'ಹುಮನಾಬಾದ ಪ್ರಥಮ ವಿಮಾನ ಸ್ವಾಗತ ಸಮಿತಿ' ಸ್ಥಾಪಿಸಿದ. ಅಧ್ಯಕ್ಷ ತಾನೇ, ಕಾರ್ಯಾಧ್ಯಕ್ಷನ ಹುದ್ದೆಯನ್ನು ಯೋಗ್ಯರು ಸಿಗದ ಕಾರಣ ತಾತ್ಕಾಲಿಕವಾಗಿ ತಾನೇ ವಹಿಸಿಕೊಂಡಿದ್ದ. ಬಿಳಿ ಸಫಾರಿ ಹೊಲಿಸಿಕೊಂಡಿದ್ದ, ಕಿಸೆಯ ಮೇಲೆ ಎರಡು ರೆಕ್ಕೆಗಳ ಕಸೂತಿ.

"ನಮ್ಮ ಏರ್‌ಫೋರ್ಸಿನಾಗ ಸಣ್ಣದಂಬೂದೇ ಇಲ್ಲ. ಇದ್ದದ್ರಾಗ ಭಾಳ ದೊಡ್ಡ ಇಂಜೆಕ್ಟರ್ ಹಾಕ್ರಿ. ದೊಡ್ಡ ಬಾಯಿದ್ದವ ಎಲ್ಲೂ ಉಪಾಸ ಬೀಳಂಗಿಲ್ಲ," ಎಂದ. ತನ್ನ ಜೀವನಾನುಭವವನ್ನು ಅಷ್ಟು ಸಂಕ್ಷಿಪ್ತವಾಗಿ ಹೇಳಿದ್ದನ್ನು ನಾನು ಮತ್ತೆ ಕೇಳಿಲ್ಲ.

ಎಲ್ಲಿಂದಲೋ ರೇಸಿನ ಕಾರಿನ ನಾಲ್ಕು ಭಾರಿ ಇಂಜೆಕ್ಟರ್ ತಂದು ಹಾಕಿದರು. ಇದು ಪರೀಕ್ಷೆಯಲ್ಲ, ಬರೀ ರುಚಿ ನೋಡುವುದು ಎಂದು ಜಗದೇವಿಗೆ ಮೊದಲೇ ಹೇಳಿ ಒಪ್ಪಿಸಿದ್ದಾಯಿತು. ಇಂಜಿನ್ ಚಾಲೂ ಆಯಿತು. ನಿಧಾನದಲ್ಲಿ ಓಡಿಸಿದರೆ ಹಣತೆಗೆ ಕೊಡದಿಂದ ಎಣ್ಣೆ ಸುರಿದ ಹಾಗೆ. ಗೊಳಗೊಳ ಎಂದಿತು, ಬಿಕ್ಕಿತು, ಒಮ್ಮೆ ಢಮ್ಮೆಂದು ಸೀನಿತು. ಹೊಗೆ ಕರಗಿದಾಗ ಇಂಜಿನ್ ನಿಂತಿತ್ತು. ಅದರ ಪೈಪಿನ ಎದುರಿಗೆ ಮಾರ್ಗದರ್ಶನ ಮಾಡುತ್ತ ನಿಂತಿದ್ದ ಸಂಜುಕುಮಾರನ ಸಫಾರಿ ಕರಿ ಎಮ್ಮೆಯ ಬಣ್ಣಕ್ಕೆ ತಿರುಗಿತ್ತು. ಹಲ್ಲು ಮಾತ್ರ ಬೆಳ್ಳಗಿದ್ದವು.

"ಅಧ್ಯಕ್ಷರ, ಏರ್‌ಫೋರ್ಸಿನಾಗ ಈ ಬಣ್ಣದ ಡ್ರೆಸ್ ಯಾವ ರ‍್ಯಾಂಕಿಗಿ ಕೊಡತಾರ್ರಿ?" ಎಂದಳು ಜಗದೇವಿ.

ಎರಡನೆಯ ತಪ್ಪು ಸ್ವತಃ ಜ್ಞಾನೇಶ್ವರನದು, ಮತ್ತು ಎತ್ತಿನ ದಲಾಲನಲ್ಲದೆ ಬೇರೆ ಯಾರೂ ಮಾಡಲಾರದ್ದು. ಸಸ್ತಾಪುರ ಬಂಗ್ಲಾದಲ್ಲಿ ಗಾಡಿಯ ವೈರಿಂಗ್ ಮಾಡುವ ಮುಜಾಫರನ ಅಂಗಡಿ ಇದೆ. ವಿಮಾನದ ಕಂಪ್ಯೂಟರ್ ಪೆಟ್ಟಿಗೆ ಜೋಡಿಸಿದವನೂ ಅವನೇ. ಒಂದು ಜೋಡಿ ಮುಚ್ಚಿದರೆ ಇನ್ನೊಂದು ಜೋಡಿ ಬಾಯಿ ತೆರೆದಿರುವ ಹೊತ್ತನ್ನು ಆ ಪೆಟ್ಟಿಗೆ ತಾನಾಗಿ ಹೆಚ್ಚಿಸುತ್ತದೆ. ಅವನ ಅಂಗಡಿಯ ಮೂಲೆಯಲ್ಲಿ ಹಳೆ ಕಾರುಗಳಿಂದ ಬಿಚ್ಚಿದ ಇಂಜೆಕ್ಟರುಗಳು ತುಂಬಿದ ಒಂದು ಬುಟ್ಟಿ. ಜ್ಞಾನೇಶ್ವರ ಅದರಲ್ಲಿ ಕೈಯಾಡಿಸಿ, ಒಂದೇ ಹಸಿರು ಬಣ್ಣದ, ಒಂದೇ ಮೈಕಟ್ಟಿನ ನಾಲ್ಕನ್ನು ಎತ್ತಿಕೊಂಡು ಬಂದ. ದೇವಣಿ ಜೋಡಿಯಲ್ಲಿ ಬಣ್ಣ ಹೊಂದಿದರೆ ಅರ್ಧ ಬೆಲೆ ಬಂದಂತೆ. ನಾಲ್ಕನ್ನೂ ಅಂಗೈಯಲ್ಲಿ ಸಾಲಾಗಿ ಇಟ್ಟು ನನಗೆ ತೋರಿಸಿದಾಗ, "ಎಂಥ ಜೋಡಿ!" ಎಂದು ನಾನೂ ಅಂದೆ. ಅಜ್ಞಾನಕ್ಕೆ ಜೊತೆ ಬೇಗ ಸಿಗುತ್ತದೆ.

ಇಂಜಿನ್ ಚಾಲೂ ಮಾಡಿ ಸ್ವಲ್ಪ ವೇಗ ಏರಿಸುವಷ್ಟರಲ್ಲೇ ಜ್ಞಾನೇಶ್ವರ ಕಿವಿ ಓರೆ ಮಾಡಿದ. ನಮಗೆಲ್ಲ ಸದ್ದು ಒಂದೇ ಥರ ಕೇಳುತ್ತಿತ್ತು. ಅವನ ಮುಖ ಮಾತ್ರ ಸಣ್ಣದಾಯಿತು. ತಟ್ಟನೆ ಬಂದ್ ಮಾಡಿದ.

"ಕುಂಟಾಕತ್ತದ," ಎಂದ.

ಮುಜಾಫರ್ ಬಿಚ್ಚಿ ನೋಡಿದ. ನಾಲ್ಕರಲ್ಲಿ ಒಂದು ಬೇರೆ ಜಾತಿಯ ಕಾರಿನದು, ಉಳಿದವುಗಳಿಗಿಂತ ಕಡಿಮೆ ಸಿಂಪಡಿಸುವಂಥದು. ಬಣ್ಣ ಅದೇ, ಹೊಟ್ಟೆ ಬೇರೆ. ಒಂದು ಸಮೋಸ ಉಂಡು ಓಡುತ್ತಿತ್ತು, ಇನ್ನೊಂದು ಅರೆಹೊಟ್ಟೆಯಲ್ಲಿ ಓಡುತ್ತಿತ್ತು.

"ಕ್ಯಾ ಜ್ಞಾನೂಭಾಯಿ!" ಮುಜಾಫರ್ ಹೊಟ್ಟೆ ಹಿಡಿದು ನಕ್ಕ. "ದನದ ಬಜಾರ ಅಂತ ತಿಳದೀರೇನು? ಬಣ್ಣ ನೋಡಿ ಇಂಜೆಕ್ಟರ್ ತರಾಕತ್ತೀರಿ! ಕೋಡಿಗಿ ಬಣ್ಣ ಹಚ್ಚಿ ಕೊಡಬೇಕಾಗಿತ್ತೇನು?"

"ನಮ್ಮಪ್ಪ ಇದ್ದಿದ್ರ ಬೂಟ್ ತಗೊಂಡು ಹೊಡೀತಿದ್ದ," ಎಂದ ಜ್ಞಾನೇಶ್ವರ. "ಬಣ್ಣ ನೋಡಿ ತಗೊಳ್ಳಾವ ಗಿರಾಕಿ, ನಡಿಗಿ ನೋಡಿ ತಗೊಳ್ಳಾವ ದಲಾಲ. ನಾ ಗಿರಾಕಿ ಆಗಿಬಿಟ್ಟೆ ಭಾಯಿ. ಸ್ವಂತ ಮಾಲು ಅಂದ ಕೂಡ್ಲೆ ಕಣ್ಣಿಗೆ ಪೊರೆ ಬರತದ."

ಮರುದಿನ ಎಲ್ಲರೂ ಮುಜಾಫರನ ಅಂಗಡಿಯಲ್ಲಿ ಸೇರಿದೆವು. ಜ್ಞಾನೇಶ್ವರ ಹೆಗಲಿಗೆ ಟವೆಲ್ ಹಾಕಿಕೊಂಡು, ಹಳೆ ಬಜಾರಿನ ಠೀವಿಯಲ್ಲೇ ಬಂದ. ಬುಟ್ಟಿಯನ್ನು ಬೋರಲು ಹಾಕಿಸಿದ. ಮೊದಲು ಒಂದೊಂದು ಇಂಜೆಕ್ಟರಿಗೂ ಕರೆಂಟು ಕೊಡಿಸಿ, ಸ್ಕ್ರೂಡ್ರೈವರಿನ ತುದಿ ಅದಕ್ಕೆ, ಹಿಡಿ ತನ್ನ ಕಿವಿಗೆ ಹಚ್ಚಿ ಅದರ ಟಿಕ್‌ಟಿಕ್ ಕೇಳಿದ. "ಇದು ಗೊರಸು ಎಳೀತದ. ಇದು ಭಾಳ ಅವಸರದ್ದು. ಇದಕ್ಕ ವಯಸ್ಸಾಗ್ಯದ, ಪಾಪ, ಬಿಡ್ರಿ," ಎಂದು ವಿಂಗಡಿಸಿದ.

ಆಮೇಲೆ ಎದುರಿನ ಹೋಟೆಲಿನಿಂದ ಚಹಾದ ಗ್ಲಾಸುಗಳು ಬಂದವು, ಒಂದೇ ಅಳತೆಯ ನಾಲ್ಕು. ಮುಜಾಫರನ ಪಂಪಿನ ಕೆಳಗೆ ನಾಲ್ಕು ಇಂಜೆಕ್ಟರ್ ಸಿಕ್ಕಿಸಿ, ಒಂದೇ ಹೊತ್ತಿಗೆ ನಾಲ್ಕೂ ಗ್ಲಾಸಿಗೆ ಪೆಟ್ರೋಲು ಸಿಂಪಡಿಸುವುದು, ಮಟ್ಟ ನೋಡುವುದು, ಹೊಂದದ್ದನ್ನು ತೆಗೆದು ಇನ್ನೊಂದನ್ನು ಹೂಡುವುದು. ಹೊಸ ಸಫಾರಿಯಲ್ಲಿ ಬಂದಿದ್ದ ಸಂಜುಕುಮಾರ ವಿಮಾನಯಾನದಲ್ಲಿ ಹುಮನಾಬಾದಿನ ಪಾತ್ರ ಕುರಿತು ಮಾತಾಡುತ್ತ, ಗಂಟಲು ಒಣಗಿ, ನೋಡದೆಯೇ ಕೈಚಾಚಿ ಹತ್ತಿರದ ಗ್ಲಾಸು ಎತ್ತಿದ. ತುಟಿಗೆ ತಗಲುವಷ್ಟರಲ್ಲಿ ಜಗದೇವಿ ಅವನ ಮುಂಗೈಗೆ ಫಟ್ಟನೆ ಹೊಡೆದಳು.

"ಇಡ್ರಿ ಕೆಳಗ! ಅದು ವಿಮಾನದ್ದು, ನಿಮ್ಮ ಚಾ ಆ ಕಡೀಗದ."

"ಬಣ್ಣ ಒಂದೇ ಇತ್ತಲ್ರಿ," ಎಂದ ಸಂಜುಕುಮಾರ. ಆ ಹೋಟೆಲಿನ ಚಹಾದ ಬಗ್ಗೆ ನಾನೂ ಹಾಗೆಯೇ ಭಾವಿಸುತ್ತೇನೆ.

ಕೊನೆಗೆ ಗ್ಲಾಸುಗಳಲ್ಲಿ ಮಟ್ಟ ಒಂದೇ ಬಂದ ಕೆಲವು ಉಳಿದವು. ಹಿಂದಿನ ಭಾರಿ ಇಂಜೆಕ್ಟರುಗಳಷ್ಟು ದೊಡ್ಡವಲ್ಲ. ಆದರೆ ಎರಡೇ ಇದ್ದರೂ ಇಂಜಿನ್ನಿನ ಹೊಟ್ಟೆ ತುಂಬಿಸಬಲ್ಲವು ಎಂದು ಮುಜಾಫರ್ ಲೆಕ್ಕ ಹಾಕಿ ಹೇಳಿದ. ಇನ್ನೇನು ಮುಗಿಯಿತೆನ್ನುವಾಗ ಜ್ಞಾನೇಶ್ವರ, "ಸುಳಿ ನೋಡಬೇಕು," ಎಂದ.

"ಇಂಜೆಕ್ಟರಿಗಿ ಸುಳಿ ಎಲ್ಲಿಂದ ಬಂತು ಭಾಯಿ? ಅದರ ಮೈಮ್ಯಾಲ ಕೂದಲಿಲ್ಲ," ಎಂದ ಮುಜಾಫರ್.

ಜ್ಞಾನೇಶ್ವರ ಹಳೆಯ ದಿನಪತ್ರಿಕೆಯೊಂದನ್ನು ಹಿಡಿದು, ಒಂದೊಂದು ಇಂಜೆಕ್ಟರಿನಿಂದಲೂ ಅದರ ಮೇಲೆ ಸಿಂಪಡಿಸಿದ. ಕಾಗದದ ಮೇಲೆ ಪೆಟ್ರೋಲಿನ ಗುಂಡನೆ ಗುರುತುಗಳು ಮೂಡಿದವು. ಅವು ನಿಜವಾಗಿಯೂ ಎತ್ತಿನ ಹಣೆಯ ಸುಳಿಯಂತೆಯೇ ಕಾಣುತ್ತಿದ್ದವು. ಒಂದರ ಗುರುತು ಮಾತ್ರ ಪಕ್ಕಕ್ಕೆ ಜಾರಿ ಬಾಲ ಬಿಟ್ಟುಕೊಂಡಿತ್ತು. ಗ್ಲಾಸಿನ ಪರೀಕ್ಷೆಯಲ್ಲಿ ಅದೇ ಎಲ್ಲಕ್ಕಿಂತ ಸರಿಯಾಗಿ ಬಂದಿತ್ತು.

"ಇದು ಬ್ಯಾಡ."

"ಅಳತಿ ಬರೋಬ್ಬರಿ ಅದಲ್ಲ!"

"ಅಳತಿ ಅದ. ಸುಳಿ ಛಲೋ ಇಲ್ಲ. ಗ್ವಾಡಿಗಿ ಉಗುಳತದ. ಉಗುಳೂದು ಎಷ್ಟು, ಹೊಟ್ಟಿಗಿ ಹೋಗೂದು ಎಷ್ಟು?"

ಮುಜಾಫರ್ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, "ಬಾತ್ ಸಹೀ ಹೈ. ಖರೆ ಇದಕ್ಕ ಸುಳಿ ಅನ್ನಬ್ಯಾಡ್ರಿ, ಗಿರಾಕಿ ಕೇಳಿದ್ರ ನಗತಾರ," ಎಂದು ಆ ಇಂಜೆಕ್ಟರನ್ನು ಬುಟ್ಟಿಗೆ ಎಸೆದ.

ಸೌದಾ ಆಗಬೇಕಿತ್ತು. ನಮ್ಮ ದನದ ಬಜಾರುಗಳಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದು ಅಸಭ್ಯ. ಟವೆಲ್ಲಿನ ಮರೆಯಲ್ಲಿ ಕೈ ಕೈ ಹಿಡಿದು, ಬೆರಳು ಒತ್ತಿ ಹೇಳಬೇಕು. ಒಪ್ಪಿಗೆಯಾದರೆ ಕೈ ಬಿಡಬೇಕು. ಜ್ಞಾನೇಶ್ವರ ಮುಜಾಫರನ ಕೈ ಹಿಡಿದು ಟವೆಲ್ ಮುಚ್ಚಿ, ಗಂಭೀರವಾಗಿ ಒಂದು ಬೆರಳು ಒತ್ತಿದ. ಮುಜಾಫರನಿಗೆ ಬೆರಳಿನ ಭಾಷೆ ಗೊತ್ತಿಲ್ಲ. ಅದಕ್ಕಿಂತ ದೊಡ್ಡ ತೊಂದರೆಯೆಂದರೆ ಅವನಿಗೆ ವಿಪರೀತ ಕಚಗುಳಿ.

"ಏ ಭಾಯಿ... ಹಿಹಿ... ಛೋಡೋ... ಅರೆ..." ಎಂದು ಒದ್ದಾಡಿ ಕೈ ಕಿತ್ತುಕೊಂಡು ಸ್ಟೂಲಿನಿಂದ ಬಿದ್ದ.

"ಕೈ ಬಿಟ್ಟ! ಎಲ್ಲರೂ ನೋಡೀರಿ, ಕೈ ಬಿಟ್ಟ! ಸೌದಾ ಮುಗೀತು!" ಎಂದು ಜ್ಞಾನೇಶ್ವರ ಸುಳಿ ಸರಿಯಿದ್ದ ನಾಲ್ಕು ಇಂಜೆಕ್ಟರುಗಳನ್ನು ಟವೆಲ್ಲಿನಲ್ಲಿ ಕಟ್ಟಿಕೊಂಡ. ಟವೆಲ್ಲಿನ ಕೆಳಗೆ ಎಷ್ಟಕ್ಕೆ ಸೌದಾ ಆಯಿತೆಂದು ಕೊಂಡವನು ಹೇಳಲಿಲ್ಲ, ಮಾರಿದವನಿಗೆ ಗೊತ್ತಿರಲಿಲ್ಲ.

ಪರೀಕ್ಷೆಯ ದಿನ ಬಂತು. ಮೂಗಿಗೆ ಇಂಜಿನ್, ಪಂಖ ಕೂಡಿಸಿದ ವಿಮಾನವನ್ನು ಶೆಡ್ಡಿನ ಮುಂದಿನ ಬಯಲಿಗೆ ತಂದು, ಅದರ ಬಾಲವನ್ನು ಕಲ್ಲು ತುಂಬಿದ ಒಂದು ಲಾರಿಗೆ ಸರಪಳಿಯಿಂದ ಬಿಗಿದರು. ಎಲ್ಲರೂ ಪಂಖದ ಮುಂದಿನಿಂದ, ಬದಿಯಿಂದ ದೂರ ಸರಿದು ನಿಲ್ಲಬೇಕೆಂದು ಮುಜಾಫರ್ ಕಟ್ಟಪ್ಪಣೆ ಮಾಡಿದ. ಹಿಂದೆ ನಿಲ್ಲಬಾರದೆಂದು ಹೇಳಲು ಮರೆತ. ಅಲ್ಲಿಯೇ, ಲಾರಿಯಿಂದ ಸ್ವಲ್ಪ ಆಚೆ, ಸ್ವಾಗತ ಸಮಿತಿ ಬಟ್ಟೆಯ ಬ್ಯಾನರು ಕಟ್ಟಿ, ಮೇಜಿನ ಮೇಲೆ ಹೂವಿನ ಪರಾತ ಇಟ್ಟು, ಮೈಕಿನೊಂದಿಗೆ ನೆಲೆಗೊಂಡಿತ್ತು.

ಜ್ಞಾನೇಶ್ವರ ಮುಂದಿನ ಸೀಟಿನಲ್ಲಿ ಕೂತ. ಜಗದೇವಿ ಹಿಂದಿನ ಸೀಟು ಹತ್ತಲಿಲ್ಲ. ರೆಕ್ಕೆಯ ಪಕ್ಕ ಒಂದು ಹೊರಸು ಹಾಕಿಸಿ, ಉದ್ದನೆಯ ವೈರಿನ ತುದಿಗಿದ್ದ ಬಟನ್ನಿನ ಡಬ್ಬಿಯನ್ನು ಮಡಿಲಲ್ಲಿಟ್ಟು ಕೂತಳು. ಎರಡು ಬಟನ್, 'ಮೊದಲ ಜೋಡಿ' ಎಂದೊಂದು, 'ಎರಡನೇ ಜೋಡಿ' ಎಂದೊಂದು. ಅವಳ ಮುಖದಲ್ಲಿ ಯಾವ ಭಾವವೂ ಇರಲಿಲ್ಲ.

ಇಂಜಿನ್ ಚಾಲೂ ಆಯಿತು. ಕೆಮ್ಮಲಿಲ್ಲ, ಬಿಕ್ಕಲಿಲ್ಲ. ನಿಧಾನದಲ್ಲಿ ಸ್ವಲ್ಪ ಗುರುಗುಟ್ಟಿತು ಅಷ್ಟೇ. ಜ್ಞಾನೇಶ್ವರ ವೇಗ ಏರಿಸಿದ. ಗುರುಗುಟ್ಟುವಿಕೆ ಗುಂಯ್‌ಗುಡುವಿಕೆಯಾಯಿತು, ಆಮೇಲೆ ಎದೆಯೊಳಗೇ ಯಾರೋ ಹಲಗೆ ಬಾರಿಸಿದ ಹಾಗೆ ನೆಲ ನಡುಗಿತು. ಸರಪಳಿ ಬಿಗಿಯಿತು, ಲಾರಿ ನರಳಿತು. ಸಂಜುಕುಮಾರ ಮೈಕಿನಲ್ಲಿ "ಬಂಧುಗಳೇ" ಎಂದದ್ದು ಮಾತ್ರ ಕೇಳಿತು. ಮರುಕ್ಷಣ ಪಂಖದ ಗಾಳಿಗೆ ಬ್ಯಾನರು ಹರಿದು ಹದ್ದಿನಂತೆ ಎದ್ದು ಹೊಲದ ಕಡೆ ನಡೆಯಿತು. ಪರಾತದ ಹೂವೆಲ್ಲ ಒಮ್ಮೆಗೇ ಸಮಿತಿಯ ಮೋರೆಗೆ ಬಡಿಯಿತು. ಸ್ವಾಗತಿಸಲು ಬಂದವರನ್ನು ವಿಮಾನವೇ ಮೊದಲು ಸ್ವಾಗತಿಸಿತು. ಮುಜಾಫರ್ ಕುಣಿಯುತ್ತಿದ್ದ. ನಾನೂ ಕುಣಿಯುತ್ತಿದ್ದೆನೆಂದು ಆಮೇಲೆ ಹೇಳಿದರು.

ಜಗದೇವಿ ಕದಲಲಿಲ್ಲ. ಬೆರಳು ಬಟನ್ನಿನ ಮೇಲಿತ್ತು, ಒತ್ತಲಿಲ್ಲ. ಕಾಯುವುದು ನಮ್ಮಿಂದಲೇ ಆಗುತ್ತಿರಲಿಲ್ಲ. ಒಳಗೆ ಕೂತವನ ಪಾಡೇನು! ಜ್ಞಾನೇಶ್ವರ ಕತ್ತು ಹೊರಳಿಸಿ ಅವಳನ್ನು ನೋಡಿದ. ಅವಳು ಹೊಲದ ಕಡೆ ಹಾರಿಹೋಗುತ್ತಿದ್ದ ಬ್ಯಾನರನ್ನು ನೋಡುತ್ತಿದ್ದಳು. ಅವನು ನಿರಾಳನಾಗಿ ಮತ್ತೆ ಮುಂದೆ ತಿರುಗಿದ. ಅದೇ ಗಳಿಗೆಯಲ್ಲಿ ಮೊದಲ ಬಟನ್ ಒತ್ತಿದಳು.

ಸದ್ದು ಒಂದು ಮೆಟ್ಟಿಲು ಇಳಿಯಿತು. ಮುಜಾಫರನ ಕುಣಿತ ಒಂದು ಕಾಲಿನ ಮೇಲೆ ನಿಂತಿತು. ಇಂಜಿನ್ ಎಡವಿದ ಎತ್ತಿನಂತೆ ಮುಂಗಾಲು ಮಡಚಿತೆನ್ನುವಷ್ಟರಲ್ಲಿ ಕತ್ತೆತ್ತಿ ನಿಂತಿತು. ಉಳಿದ ಒಂದೇ ಜೋಡಿಯಲ್ಲಿ, ಸ್ವಲ್ಪ ತಗ್ಗಿದ ದನಿಯಲ್ಲಿ, ಆದರೆ ಕುಂಟದೆ ಓಡತೊಡಗಿತು. ಜ್ಞಾನೇಶ್ವರ ಎರಡೂ ಕೈ ಮೇಲೆತ್ತಿ ಕೂಗಿದ.

ಜಗದೇವಿ ಮೊದಲ ಜೋಡಿಯನ್ನು ಮತ್ತೆ ತೆರೆದಳು. ನಾವೆಲ್ಲ ಚಪ್ಪಾಳೆ ತಟ್ಟಲು ಕೈಯೆತ್ತಿದೆವು. ಅವಳು ಎರಡನೆಯ ಬಟನ್ ಒತ್ತಿದಳು!

ಇದು ಶರ್ತಿನಲ್ಲಿರಲಿಲ್ಲ. ಜ್ಞಾನೇಶ್ವರನ ಕೈ ಎತ್ತಿದಲ್ಲೇ ಇತ್ತು. ಈ ಸಲ ಇಂಜಿನ್ ಇನ್ನೂ ಆಳಕ್ಕೆ ಇಳಿಯಿತು, ಒಮ್ಮೆ ಬಿಕ್ಕಿತು, ಎರಡು ಸಲ ಬಿಕ್ಕಿತು. ಪಂಖದ ಗಾಳಿ ಸಡಿಲಿ ಸಂಜುಕುಮಾರನ ಮೈಮೇಲಿನ ಹೂಗಳು ಒಂದೊಂದಾಗಿ ಉದುರಿದವು. ಜ್ಞಾನೇಶ್ವರನ ತುಟಿ ಅಲುಗಾಡುತ್ತಿತ್ತು. ದೇವರನ್ನು ನೆನೆಯುತ್ತಿದ್ದಾನೆಂದು ನಾನು ತಿಳಿದೆ. ಅವನು ಎತ್ತಿಗೆ ಹೇಳುವಂತೆ "ಹೋ, ಹೋ, ನಡಿ ನನ್ನಪ್ಪಾ, ನಡಿ" ಎನ್ನುತ್ತಿದ್ದನೆಂದು ಮುಜಾಫರ್ ಆಮೇಲೆ ಹೇಳಿದ. ಅದು ನಡೆಯಿತು. ಬಿಕ್ಕು ಬಿಟ್ಟಿತು, ದನಿ ಹಿಡಿಯಿತು, ಆ ಜೋಡಿಯೂ ಈ ಜೋಡಿಯ ಹೆಜ್ಜೆಗೇ ಹೆಜ್ಜೆ ಹಾಕಿತು.

ಇಂಜಿನ್ ಬಂದ್ ಮಾಡಿ ಕೆಳಗಿಳಿದ ಜ್ಞಾನೇಶ್ವರ ಹೆಂಡತಿಯ ಪಕ್ಕದಲ್ಲಿ ಹೊರಸಿನ ಮೇಲೆ ಕೂತ. "ಒಂದ ಜೋಡಿ ಅಂದಿದ್ದಿ. ಎರಡ ಯಾಕ ಒತ್ತಿದಿ? ನನ್ನ ಜೀವ ಬಾಯಿಗಿ ಬಂದಿತ್ತಲ್ಲ!"

"ದಲಾಲನ ಹೆಣ್ತಿ ಇದ್ದೀನಿ. ನಾಲ್ಕ ಎತ್ತಿನಾಗ ಎರಡ ಎತ್ತು ನೋಡಿ ದುಡ್ಡ ಕೊಡತಾರೇನು?" ಎಂದಳು. ಆಮೇಲೆ ಬಟನ್ನಿನ ಡಬ್ಬಿಯನ್ನು ಅವನ ಕೈಗೆ ಕೊಟ್ಟು, ಸೆರಗು ಜಾಡಿಸಿ ಎದ್ದು, ವಿಮಾನದ ಹಿಂದಿನ ಸೀಟನ್ನು ಕೈಯಿಂದ ಒತ್ತಿ ನೋಡಿದಳು. "ಇದು ಭಾಳ ಬಿರುಸದ. ಒಂದ ಗಾದಿ ಹಾಕಸ್ರಿ. ಬ್ಯಾಳಿ ಮಶೀನಿಗಿ ಆ ಕಡೆ ಇನ್ನೊಂದ ಶೆಡ್ಡು ಹೊಡೀರಿ, ನೀವೇ ಹೊಡೀಬೇಕು."

ಜ್ಞಾನೇಶ್ವರ ನಗುತ್ತಿದ್ದನೋ ಅಳುತ್ತಿದ್ದನೋ ಹೇಳುವುದು ಕಷ್ಟವಿತ್ತು. ಮುಜಾಫರ್ ಅವನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಳ್ಳಲು ಹೋಗಿ, ಅವನ ಕೈ ತನ್ನ ಬಗಲಿಗೆ ತಗಲಿ ಕಚಗುಳಿಯಾಗಿ, ಇಬ್ಬರೂ ಕೂಡಿ ಹೊರಸಿನ ಮೇಲೆ ಬಿದ್ದರು. ಹೊರಸು ಮುರಿಯಿತು. ಎಲ್ಲರೂ ನಕ್ಕರು.

ಅಷ್ಟರಲ್ಲಿ ಸಂಜುಕುಮಾರ ಕಿವಿಯೊಳಗಿನ ಹೂವಿನ ಎಸಳು ತೆಗೆಯುತ್ತ, ಮೈಕು ಕೈಬಿಡದೆ ಬಂದ. ಸಮಾರಂಭ ಕೈತಪ್ಪಿದ್ದರಿಂದ ಸಂದರ್ಶನವನ್ನಾದರೂ ನಡೆಸಬೇಕೆಂದು ನಿರ್ಧರಿಸಿದ್ದ. ನೆಲದಲ್ಲಿ ಬಿದ್ದಿದ್ದ ಜ್ಞಾನೇಶ್ವರನ ಬಾಯಿಗೆ ಮೈಕು ಹಿಡಿದು, ಇಡೀ ಬಯಲಿಗೆ ಕೇಳುವಂತೆ ಕೇಳಿದ:

"ಜ್ಞಾನೇಶ್ವರ ಅವರೇ, ಸಮಿತಿಯ ಪರವಾಗಿ ಒಂದು ಪ್ರಶ್ನಿ. ಒಂದ ಜೋಡಿ ಹೋದ್ರ ಇನ್ನೊಂದ ಜೋಡಿ ಅದ, ಅದನ್ನ ನೋಡಿದ್ವಿ. ಅಕಸ್ಮಾತ್ ಮ್ಯಾಲ ಹೋದಾಗ ನಾಲ್ಕೂ ಒಮ್ಮೆಲೇ ಬಂದ್ ಆದ್ರ, ವಿಮಾನ ಯಾವ ಕಡೆ ಹೋಗತದ್ರಿ? ಬಸವಕಲ್ಯಾಣದ ಕಡೆಗೋ, ಹುಮನಾಬಾದ ಕಡೆಗೋ?"

ಜ್ಞಾನೇಶ್ವರ ಮುರಿದ ಹೊರಸಿನಿಂದ ತಲೆಯೆತ್ತಿ ಅವನನ್ನು ನೋಡಿದ.

"ಕೆಳಗ," ಎಂದ.